ಇನೂಯಿಟ್ ಊರುಗಳ ನಾಯಿ: ಕಚ್ಚುವುದೂ ಅದೇ, ಕಾಯುವುದೂ ಅದೇ

ಉತ್ತರದಿಕ್ಕು (ಮಾಂಟ್ರಿಯಲ್):
ಬೀದಿನಾಯಿ ವಿಷಯ ಬಂದಾಗಲೆಲ್ಲ ಇಲ್ಲಿ ಯಾರಾದರೂ ಒಬ್ಬರು "ಮುಂದುವರಿದ ದೇಶಗಳಲ್ಲಿ ಈ ಕಾಟವೇ ಇಲ್ಲ" ಅಂತ ಬರೆಯುತ್ತಾರೆ. ಕೆನಡಾದಲ್ಲೇ ಇದೆ ಸ್ವಾಮಿ.

ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿ ನುನಾವಿಕ್ ಅಂತ ಒಂದು ಪ್ರದೇಶ. ಹಡ್ಸನ್ ಕೊಲ್ಲಿ, ಉಂಗಾವಾ ಕೊಲ್ಲಿಗಳ ದಡದಲ್ಲಿ 14 ಊರು. ಒಟ್ಟು ಜನ ಸುಮಾರು 14 ಸಾವಿರ, ಹೆಚ್ಚಿನವರು ಇನೂಯಿಟ್, ಅಂದರೆ ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳು. ದಕ್ಷಿಣದಿಂದ ರಸ್ತೆ ಇಲ್ಲ, ಒಂದೂರಿಂದ ಇನ್ನೊಂದೂರಿಗೂ ಇಲ್ಲ. ವಿಮಾನ, ಬೇಸಿಗೆಯಲ್ಲಿ ಹಡಗು, ಅಷ್ಟೇ. ಆಸ್ಪತ್ರೆ ಇರುವುದು ಕೂಜುವಾಕ್ ಮತ್ತು ಪುವಿರ್ನಿಟುಕ್‌ನಲ್ಲಿ ಮಾತ್ರ. ಉಳಿದ ಊರುಗಳಲ್ಲಿ ಮುಖ್ಯವಾಗಿ ನರ್ಸ್‌ಗಳು ನಡೆಸುವ ಚಿಕಿತ್ಸಾ ಕೇಂದ್ರ. ಪಶುವೈದ್ಯರು ಬಹುತೇಕ ಊರುಗಳಲ್ಲಿ ಇಲ್ಲವೇ ಇಲ್ಲ.

ಈ ಊರುಗಳಲ್ಲಿ ನಾಯಿಗಳು ಜಾಸ್ತಿ. ಕೆಲವು ಸರಪಳಿಯಲ್ಲಿ, ಕೆಲವು ಮನೆಯೊಳಗೆ, ಕೆಲವು ಬೀದಿಯಲ್ಲಿ. ಕಡಿತ ಇದೆ, ರೇಬೀಸ್ ಭಯ ಇದೆ. ಆದರೆ ಅದೇ ಜನರ ಬದುಕು ಸಾವಿರಾರು ವರ್ಷ ನಿಂತಿದ್ದೇ ನಾಯಿಯ ಮೇಲೆ. ನಾನು ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿ ಇರುವವನು. ದಕ್ಷಿಣದ ನಮ್ಮ ಕಚೇರಿಗಳಲ್ಲಿ ನಾಯಿ ಅಂದರೆ ಕಡಿತದ ಲೆಕ್ಕ ಮಾತ್ರ. ಅದು ಅರ್ಧ ಲೆಕ್ಕ ಅನ್ನುವುದು ನನ್ನ ವಾದ. ನೀವೇನಂತೀರಿ?

ಕಾಫಿಗಿಡ (ಸಕಲೇಶಪುರ):
ಸರ್, 14 ಸಾವಿರ ಜನ ಅಂದರೆ ನಮ್ಮ ಒಂದು ಹೋಬಳಿ. ಅಷ್ಟು ಜನರ ನಾಯಿಗಳನ್ನು ಹಿಡಿದು ಲಸಿಕೆ ಹಾಕಿ, ಹೆಚ್ಚಾದವನ್ನು ತೆಗೆಯಲು ಕೆನಡಾ ಸರ್ಕಾರಕ್ಕೆ ಆಗಲ್ವಾ? ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ದನದ_ಡಾಕ್ಟರು (ಹಾಸನ):
ಕಾಫಿಗಿಡ ಅವರೇ, ಹೋಬಳಿಗೆ ಜೀಪಿನಲ್ಲಿ ಹೋಗಬಹುದು. ಅಲ್ಲಿ ಪ್ರತಿ ಊರಿಗೂ ವಿಮಾನ ಹತ್ತಬೇಕು. ಹಿಮಗಾಳಿ ಎದ್ದರೆ ಅದೂ ಇಲ್ಲ. ಅದು ಪಕ್ಕಕ್ಕಿರಲಿ. ದೊಡ್ಡ ವ್ಯತ್ಯಾಸ ಬೇರೆ ಇದೆ.

ನಮ್ಮಲ್ಲಿ ರೇಬೀಸ್ ವೈರಸ್ ಉಳಿದಿರುವುದೇ ನಾಯಿಗಳಲ್ಲಿ. ನಾಯಿಗೆ ಲಸಿಕೆ ಸರಿಯಾಗಿ ಹಾಕಿದರೆ ರೋಗದ ಬೇರೇ ಒಣಗುತ್ತದೆ. ಉತ್ತರ ಧ್ರುವದ ಕಡೆ ವೈರಸ್ಸಿನ ಮನೆ ಆರ್ಕ್ಟಿಕ್ ನರಿ. ಬಿಳಿ ತುಪ್ಪಳದ ಚಿಕ್ಕ ನರಿ. ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿ ಹೆಚ್ಚಾದ ವರ್ಷ ನರಿಗಳೂ ಹೆಚ್ಚುತ್ತವೆ. ಆಮೇಲೆ ಲೆಮ್ಮಿಂಗ್ ಕುಸಿದಾಗ ಹಸಿದ ನರಿಗಳು ದೂರ ದೂರ ಅಲೆಯುತ್ತವೆ. ಊರಿನ ಕಸದ ರಾಶಿಗೆ ಬರುತ್ತವೆ, ಕಟ್ಟಿದ ನಾಯಿಯ ಮುಂದಿರುವ ಮಾಂಸಕ್ಕೆ ಬರುತ್ತವೆ. ಜಗಳ, ಕಡಿತ, ನಾಯಿಗೆ ರೋಗ. ಆಮೇಲೆ ಮನುಷ್ಯರಿಗೆ.

ಅಂದರೆ ಊರಿನ ನಾಯಿಗಳನ್ನೆಲ್ಲ ತೆಗೆದರೂ ವೈರಸ್ ಎಲ್ಲೂ ಹೋಗುವುದಿಲ್ಲ. ನಾಯಿ ನಡುವಿನ ಕೊಂಡಿ ಅಷ್ಟೇ. ಆ ಕೊಂಡಿಗೆ ಲಸಿಕೆ ಹಾಕಿದರೆ ಅದೇ ಗೋಡೆ ಆಗುತ್ತದೆ.

ಕಾಫಿಗಿಡ:
ನರಿಗೇ ಲಸಿಕೆ ಹಾಕಿದರೆ? ಯುರೋಪಿನಲ್ಲಿ ಆಹಾರದೊಳಗೆ ಇಟ್ಟು ಕಾಡಿಗೆ ಎಸೆದರಂತೆ.

ದನದ_ಡಾಕ್ಟರು:
ಹೌದು, ಕೆನಡಾದ ಒಂಟಾರಿಯೋದಲ್ಲೂ ಮಾಡಿದರು. ಆರ್ಕ್ಟಿಕ್ ನರಿಯ ತಳಿಯ ವೈರಸ್ 1950ರ ದಶಕದಲ್ಲಿ ದಕ್ಷಿಣಕ್ಕೆ ಇಳಿದು ಅಲ್ಲಿನ ಕೆಂಪು ನರಿಗಳಲ್ಲಿ ಬೇರೂರಿತ್ತು. 1989ರಿಂದ ವಿಮಾನದಿಂದ ಲಸಿಕೆಯ ತುತ್ತುಗಳನ್ನು ಉದುರಿಸಿ ಅದನ್ನು ಬಹುಮಟ್ಟಿಗೆ ಇಲ್ಲವಾಗಿಸಿದರು. ಆದರೆ ಒಂಟಾರಿಯೋದ ದಕ್ಷಿಣ ಭಾಗ ಬೇರೆ, ಟಂಡ್ರಾ ಬೇರೆ. ಲಕ್ಷಗಟ್ಟಲೆ ಚದರ ಕಿಲೋಮೀಟರ್ ಹಿಮಬಯಲು, ಅದರಲ್ಲಿ ಸಮುದ್ರದ ಮಂಜುಗಡ್ಡೆಯ ಮೇಲೂ ಓಡಾಡುವ ನರಿ. ಎಲ್ಲಿ ಅಂತ ಉದುರಿಸುತ್ತೀರಿ?

ನರ್ಸಕ್ಕ (ವಿನ್ನಿಪೆಗ್):
ನಾನು ವಿನ್ನಿಪೆಗ್‌ನಲ್ಲಿ ನರ್ಸ್. ನುನಾವುಟ್ ಅನ್ನುವುದು ನುನಾವಿಕ್‌ಗೂ ಉತ್ತರಕ್ಕಿರುವ ಇನ್ನೊಂದು ಇನೂಯಿಟ್ ಪ್ರದೇಶ. ಅದರ ಕಿವಲ್ಲಿಕ್ ಭಾಗದ ರೋಗಿಗಳು ದೊಡ್ಡ ಚಿಕಿತ್ಸೆಗೆ ನಮ್ಮ ಊರಿಗೇ ಬರುತ್ತಾರೆ. ನುನಾವಿಕ್‌ನವರು ಮಾಂಟ್ರಿಯಲ್‌ಗೆ, ನುನಾವುಟ್‌ನದೇ ಬ್ಯಾಫಿನ್ ದ್ವೀಪದವರು ಒಟ್ಟಾವಾಗೆ ಹೋಗುತ್ತಾರೆ. ನಾಯಿ ಕಡಿತವನ್ನು ಅಲ್ಲಿ ಹೇಗೆ ನೋಡುತ್ತಾರೆ ಅಂತ ಹೇಳುತ್ತೇನೆ, ಊರಿನ ಓದುಗರಿಗೆ ಉಪಯೋಗ ಆಗಬಹುದು.

ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯುವುದು ಮೊದಲು. ಇದು ಕೂಜುವಾಕ್‌ಗೂ ಒಂದೇ, ಕೊಪ್ಪಳಕ್ಕೂ ಒಂದೇ. ಆಮೇಲೆ ನಾಯಿ ಯಾರದು, ಎಲ್ಲಿದೆ ಅಂತ ವಿಚಾರಣೆ. ಗುರುತು ಸಿಕ್ಕರೆ, ಆರೋಗ್ಯವಾಗಿ ಕಂಡರೆ 10 ದಿನ ಕಟ್ಟಿಹಾಕಿ ನೋಡುತ್ತಾರೆ. 10 ದಿನ ಆದಮೇಲೂ ನಾಯಿ ಚೆನ್ನಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ. ನಾಯಿ ಸಿಗಲಿಲ್ಲ, ಅಥವಾ ವಿಚಿತ್ರವಾಗಿ ಆಡುತ್ತಿತ್ತು ಅಂದರೆ ಕಾಯುವುದಿಲ್ಲ. ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು), ಜೊತೆಗೆ ಲಸಿಕೆ. ಮತ್ತೆ 3, 7, 14ನೇ ದಿನ ಲಸಿಕೆ ಮಾತ್ರ. ಭಾರತದಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ ಕೊನೆಯದು 28ನೇ ದಿನ, ಅಲ್ವಾ ಡಾಕ್ಟ್ರೇ?

ಕೆಲವು ಸಲ ನಾಯಿಯನ್ನು ಕೊಲ್ಲಬೇಕಾಗುತ್ತದೆ. ಆಗ ತಲೆಯನ್ನು ವಿಮಾನದಲ್ಲಿ ಒಟ್ಟಾವಾದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೇಟೆಗಾರರಿಗೆ ಹೇಳುವ ಮಾತು ಒಂದೇ: ತಲೆಗೆ ಗುಂಡು ಹೊಡೆಯಬೇಡಿ. ಪರೀಕ್ಷೆಗೆ ಬೇಕಾದದ್ದು ಮೆದುಳು.

ದನದ_ಡಾಕ್ಟರು:
ಹೌದು ಮೇಡಂ, 0, 3, 7, 28. ಸ್ನಾಯುವಿಗೆ ಕೊಟ್ಟರೆ ಐದು ಡೋಸ್, ನಡುವೆ 14 ಕೂಡ ಬರುತ್ತದೆ.

ಹಳೇಪುಟ (ಧಾರವಾಡ):
ಕಾಫಿಗಿಡ ಅವರ "ಹೆಚ್ಚಾದವನ್ನು ತೆಗೆಯಲು" ಅನ್ನುವ ಮಾತಿಗೆ ಬರುತ್ತೇನೆ. ಅಲ್ಲಿ ಅದನ್ನು ಒಮ್ಮೆ ಮಾಡಿ ಆಗಿದೆ. ಅದಕ್ಕೇ ಆ ಮಾತು ಅಲ್ಲಿ ಎತ್ತುವುದು ಅಷ್ಟು ಕಷ್ಟ.

1950ರ ದಶಕದವರೆಗೆ ಇನೂಯಿಟ್ ಜನ ಹೆಚ್ಚಾಗಿ ಸಣ್ಣ ಸಣ್ಣ ಬಿಡಾರಗಳಲ್ಲಿ ಇದ್ದರು. ಜಾರುಬಂಡಿ ಎಳೆಯುವುದು ನಾಯಿ. ಮಂಜುಗಡ್ಡೆಯ ಕೆಳಗೆ ಸೀಲ್ ಅನ್ನುವ ಕಡಲಪ್ರಾಣಿ ಉಸಿರಾಡಲು ಬರುವ ರಂಧ್ರವನ್ನು ವಾಸನೆಯಿಂದ ಪತ್ತೆ ಮಾಡುವುದು ನಾಯಿ. ಹಿಮಕರಡಿಯನ್ನು ಸುತ್ತುಗಟ್ಟಿ ನಿಲ್ಲಿಸುವುದೂ ನಾಯಿ. ಕಣ್ಣು ಕಾಣದ ಹಿಮಗಾಳಿಯಲ್ಲಿ ಬಿಡಾರಕ್ಕೆ ದಾರಿ ಹುಡುಕುವುದೂ ಅದೇ. ನಾಯಿ ಇಲ್ಲದ ಬೇಟೆಗಾರನಿಗೆ ಊಟ ಇಲ್ಲ.

ಆಮೇಲೆ ಶಾಲೆ, ಆಸ್ಪತ್ರೆ, ವ್ಯಾಪಾರದ ಅಂಗಡಿ ಇರುವ ಕಾಯಂ ಊರುಗಳಿಗೆ ಜನ ಬಂದರು, ಅಥವಾ ಬರುವಂತೆ ಮಾಡಿದರು. ಅಲ್ಲಿ ನಾಯಿ ಕಟ್ಟಿಹಾಕಬೇಕು ಅನ್ನುವ ಕಾನೂನು. ಬಿಡುಬೀಸಾಗಿ ಕಂಡ ನಾಯಿಗೆ ಪೊಲೀಸರ ಗುಂಡು. 1950ರ ದಶಕದಿಂದ 70ರ ದಶಕದವರೆಗೆ ಇದು ನಡೆಯಿತು. ಅಂಗಡಿಗೆ, ಡಾಕ್ಟರ ಹತ್ತಿರ ಅಂತ ಊರಿಗೆ ಬಂದವರು ವಾಪಸ್ ಹೊರಡುವಾಗ ನೋಡಿದರೆ ನಾಯಿಗಳು ಸತ್ತು ಬಿದ್ದಿವೆ. ಬಿಡಾರಕ್ಕೆ ಮರಳಲು ದಾರಿಯೇ ಇಲ್ಲ. ಊರಲ್ಲೇ ಉಳಿಯಬೇಕು, ಸರ್ಕಾರದ ಭತ್ಯದಲ್ಲಿ ಬದುಕಬೇಕು.

2006ರಲ್ಲಿ ಕೆನಡಾದ ಕೇಂದ್ರ ಪೊಲೀಸ್ ಪಡೆ ತನ್ನದೇ ವರದಿ ಮಾಡಿ, ಯೋಜನೆ ಹಾಕಿ ಕೊಂದದ್ದಕ್ಕೆ ಸಾಕ್ಷಿ ಇಲ್ಲ, ಜನರ ಸುರಕ್ಷತೆಗೆ, ಆರೋಗ್ಯಕ್ಕೆ ಕೊಂದದ್ದು ಅಂದಿತು. ಇನೂಯಿಟ್ ಜನ ಅದನ್ನು ಒಪ್ಪಲಿಲ್ಲ. ತಾವೇ ಕಿಕಿಕ್ಟಾನಿ ಸತ್ಯ ಆಯೋಗ ಮಾಡಿಕೊಂಡರು. ಕೆನಡಾದ ಪೂರ್ವ ಕರಾವಳಿಯ ಲ್ಯಾಬ್ರಡಾರ್ ಪ್ರದೇಶದ ಇನೂಯಿಟ್ ನ್ಯಾಯಾಧೀಶ ಜೇಮ್ಸ್ ಇಗ್ಲೋಲಿಯೋರ್ಟೆ ಅದರ ಮುಖ್ಯಸ್ಥರು. ಬ್ಯಾಫಿನ್ ಪ್ರದೇಶದ 13 ಊರುಗಳಲ್ಲಿ ಹೇಳಿಕೆ ಪಡೆದು 2010ರಲ್ಲಿ ವರದಿ ಕೊಟ್ಟರು. ಅದೇ ವರ್ಷ ನುನಾವಿಕ್ ಬಗ್ಗೆ ನ್ಯಾಯಾಧೀಶ ಜಾನ್ ಜಾಕ್ ಕ್ರೋಟೋ ಅವರ ವರದಿ ಬಂತು. ಪೊಲೀಸರು ಸಾವಿರಕ್ಕೂ ಹೆಚ್ಚು ನಾಯಿ ಕೊಂದರು ಅಂತ ಅದರಲ್ಲಿದೆ. 2011ರಲ್ಲಿ ಕ್ವಿಬೆಕ್ ಕ್ಷಮೆ ಕೇಳಿ 30 ಲಕ್ಷ ಡಾಲರ್ ಕೊಟ್ಟಿತು. 2019ರಲ್ಲಿ ಬ್ಯಾಫಿನ್ ಭಾಗದವರಿಗೆ ಕೇಂದ್ರ ಸರ್ಕಾರದ ಕ್ಷಮೆ. ನುನಾವಿಕ್‌ನವರಿಗೆ ಕೇಂದ್ರದ ಕ್ಷಮೆ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ, ಕಾಂಗಿಕ್‌ಸುಜುವಾಕ್ ಊರಿನಲ್ಲಿ, 4.5 ಕೋಟಿ ಡಾಲರ್ ಜೊತೆಗೆ. ಅಷ್ಟು ಹೊತ್ತಿಗೆ ನಾಯಿ ಕಳೆದುಕೊಂಡವರಲ್ಲಿ ಎಷ್ಟೋ ಜನ ತೀರಿಹೋಗಿದ್ದರು.

ಕಾಫಿಗಿಡ:
ಓದಿ ಬೇಜಾರಾಯಿತು. ಆದರೆ ಹಳೇಪುಟ ಅವರೇ, ಪೊಲೀಸರ ಭಯ ಸುಳ್ಳಾಗಿತ್ತಾ? ಜಾರುಬಂಡಿ ನಾಯಿ ಅಂದರೆ ಸಾಕುಮರಿ ಅಲ್ಲವಲ್ಲ.

ಹಳೇಪುಟ:
ಸುಳ್ಳಲ್ಲ. 1924ರಲ್ಲಿ ಚೆಸ್ಟರ್‌ಫೀಲ್ಡ್ ಇನ್ಲೆಟ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಪತ್ನಿ ಜಾರುಬಂಡಿ ನಾಯಿಗಳ ದಾಳಿಯಲ್ಲಿ ಸತ್ತಿದ್ದರು. ಮಕ್ಕಳ ಮೇಲೂ ದಾಳಿ ಆಗುತ್ತಿತ್ತು. ಡಿಸ್ಟೆಂಪರ್‌ನಂಥ ರೋಗದಿಂದ ನಾಯಿಗಳೇ ಗುಂಪುಗುಂಪಾಗಿ ಸತ್ತದ್ದೂ ಇದೆ. ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಬಂದಮೇಲೆ ತಾವಾಗಿಯೇ ನಾಯಿ ಬಿಟ್ಟವರೂ ಇದ್ದಾರೆ. ಎಲ್ಲ ನಾಯಿಗಳೂ ಗುಂಡಿಗೇ ಸತ್ತವು ಅಂತ ನಾನು ಹೇಳುತ್ತಿಲ್ಲ.

ಆದರೆ ಕಟ್ಟಿಹಾಕು ಅನ್ನುವ ಕಾನೂನು ಮಾಡಿದವರಿಗೆ ನಾಯಿ ಸಾಕುವ ಕ್ರಮ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಜಾರುಬಂಡಿ ಕೆಲಸ ಇಲ್ಲ. ಆಗ ನಾಯಿಗಳನ್ನು ದ್ವೀಪಗಳಲ್ಲಿ ಬಿಡುತ್ತಿದ್ದರು, ಅವು ತಮ್ಮ ಊಟ ತಾವೇ ಹುಡುಕಿಕೊಳ್ಳುತ್ತಿದ್ದವು. ವರ್ಷವಿಡೀ ಕಟ್ಟಿದರೆ ವರ್ಷವಿಡೀ ಸೀಲ್, ವಾಲ್ರಸ್ ಮಾಂಸ ತಂದು ಹಾಕಬೇಕು. ಕಟ್ಟಿದ ನಾಯಿ ಸೊರಗುತ್ತದೆ, ಸಿಡುಕುತ್ತದೆ ಅಂತ ಹಿರಿಯರು ಆಯೋಗದ ಮುಂದೆ ಹೇಳಿದ್ದಾರೆ. ಮತ್ತೆ, ಆ ಕಾನೂನನ್ನು ಅವರ ಭಾಷೆಯಲ್ಲಿ ಎಷ್ಟು ಜನರಿಗೆ ತಿಳಿಸಿ ಹೇಳಿದ್ದರು ಅನ್ನುವುದೂ ಪ್ರಶ್ನೆಯೇ.

ಉತ್ತರದಿಕ್ಕು:
ನನಗೆ ಇದರಲ್ಲಿ ಹೆಚ್ಚು ಚುಚ್ಚುವುದು ಆರೋಗ್ಯ ಇಲಾಖೆಯ ಪಾತ್ರ. ಅದೇ ಕಾಲದಲ್ಲಿ ಕ್ಷಯ ರೋಗ ಜೋರಾಗಿತ್ತು. 1950ರಿಂದ ಸಿ.ಡಿ. ಹೌ ಅನ್ನುವ ಹಡಗು ಬೇಸಿಗೆಯಲ್ಲಿ ಊರೂರಿಗೆ ಬಂದು ಎಕ್ಸ್‌ರೇ ತೆಗೆಯುತ್ತಿತ್ತು. ರೋಗ ಕಂಡವರನ್ನು ಹಾಗೇ ದಕ್ಷಿಣಕ್ಕೆ ಒಯ್ಯುತ್ತಿದ್ದರು. 1950ರ ದಶಕದ ನಡುವೆ ಇನೂಯಿಟ್ ಜನರಲ್ಲಿ ಏಳಕ್ಕೆ ಒಬ್ಬರು ದಕ್ಷಿಣದ ಆಸ್ಪತ್ರೆಗಳಲ್ಲಿದ್ದರು ಅಂತ ಲೆಕ್ಕ. ಮನೆಯ ಬೇಟೆಗಾರ ಹೋದರೆ ನಾಯಿಗಳಿಗೆ ಮಾಂಸ ತರುವವರು ಯಾರು? ಹಸಿದ ನಾಯಿ ಅಲೆಯುತ್ತದೆ. ಅಲೆಯುವ ನಾಯಿಗೆ ಗುಂಡು. ಒಂದು ಇಲಾಖೆ ಮನುಷ್ಯನನ್ನು ಎತ್ತಿಕೊಂಡು ಹೋಯಿತು, ಇನ್ನೊಂದು ನಾಯಿಯನ್ನು ಕೊಂದಿತು. ಎರಡೂ ಕಡೆಯ ಕಾಗದದಲ್ಲಿ ಬರೆದ ಕಾರಣ "ಜನರ ಆರೋಗ್ಯ".

ಅಕ್ಕಿರೊಟ್ಟಿ (ಮಡಿಕೇರಿ):
ಆರೋಗ್ಯ ಅಂದಾಗ ನೆನಪಾಯಿತು. ಇನೂಯಿಟ್ ಹಿರಿಯರಲ್ಲಿ ಒಂದು ನಂಬಿಕೆ ಇದೆ. ಒಡೆಯನಿಗೆ ಬರಬೇಕಾದ ರೋಗವನ್ನು ನಾಯಿ ತನ್ನ ಮೇಲೆ ಹಾಕಿಕೊಂಡು ಸಾಯಬಹುದು ಅಂತ. ತೀರಿಹೋದ ಬಂಧುಗಳ ಹೆಸರನ್ನು ನಾಯಿಗೆ ಇಡುವುದೂ ಇತ್ತು. ಅಜ್ಜನ ಹೆಸರಿನ ನಾಯಿಗೆ ಯಾರೋ ಬಂದು ಗುಂಡು ಹೊಡೆದರೆ ಮನೆಯವರಿಗೆ ಹೇಗಾಗಿರಬೇಡ.

ನರ್ಸಕ್ಕ:
ಇದನ್ನು ನಾನೂ ಕೇಳಿದ್ದೇನೆ. ವಯಸ್ಸಾದ ರೋಗಿಗಳ ಜೊತೆ ನಾಯಿ ಮಾತು ತೆಗೆದರೆ ಸಾಕು, ಮುಖವೇ ಬೇರೆ ಆಗುತ್ತದೆ. ಮುಂದಾಳು ನಾಯಿ ಯಾವುದಿತ್ತು, ತೆಳು ಮಂಜುಗಡ್ಡೆ ಬಂದಾಗ ಹೇಗೆ ನಿಂತುಬಿಡುತ್ತಿತ್ತು ಅಂತ ಎಲ್ಲ ಹೇಳುತ್ತಾರೆ. ಸ್ನೋಮೊಬೈಲಿಗೆ ತೆಳು ಮಂಜುಗಡ್ಡೆ ಗೊತ್ತಾಗುವುದಿಲ್ಲ. ಈಗ ಹವಾಮಾನ ಬದಲಾಗಿ ಮಂಜುಗಡ್ಡೆಯನ್ನು ನಂಬುವ ಹಾಗಿಲ್ಲ, ಹಾಗಾಗಿ ಇದು ಬರೀ ನೆನಪಿನ ಮಾತಲ್ಲ.

ಯುವಕರ ವಿಷಯವನ್ನೂ ಹೇಳಬೇಕು. ಇನೂಯಿಟ್ ಪ್ರದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಕೆನಡಾದ ಸರಾಸರಿಗಿಂತ ಹಲವು ಪಟ್ಟು ಜಾಸ್ತಿ. ಅದಕ್ಕೇ 2016ರಲ್ಲಿ ಅವರ ರಾಷ್ಟ್ರೀಯ ಸಂಸ್ಥೆ ಇನೂಯಿಟ್ ತಪಿರೀಟ್ ಕನಾಟಮಿ ಪ್ರತ್ಯೇಕ ಯೋಜನೆಯನ್ನೇ ಮಾಡಿತು. ನಾಯಿ ತಂಡ ಕಟ್ಟುವುದು, ಹುಡುಗರನ್ನು ಹಿರಿಯರ ಜೊತೆ ಹಿಮಬಯಲಿಗೆ ಕಳಿಸುವುದು ಇದರಿಂದ ಒಳ್ಳೆಯದಾಗುತ್ತದೆ ಅಂತ ಊರಿನವರು ಹೇಳುತ್ತಾರೆ. ನಾನೂ ನಂಬುತ್ತೇನೆ. ಆದರೆ "ನಾಯಿ ಕೊಟ್ಟರೆ ಆತ್ಮಹತ್ಯೆ ನಿಲ್ಲುತ್ತದೆ" ಅಂತ ಯಾರಾದರೂ ಬರೆದರೆ ದಯವಿಟ್ಟು ನಂಬಬೇಡಿ. ಮನೆ ಕೊರತೆ, ಆಹಾರದ ಬೆಲೆ, ಕ್ಷಯ ಇವೆಲ್ಲ ಹಾಗೇ ಇವೆ. ನಾಯಿ ಅದಕ್ಕೆಲ್ಲ ಮದ್ದಲ್ಲ.

ಹಳೇಪುಟ:
1970ರ ದಶಕದ ಹೊತ್ತಿಗೆ ಇನೂಯಿಟ್ ಜಾರುಬಂಡಿ ನಾಯಿಯ ತಳಿಯೇ ಅಳಿಯುವ ಹಂತಕ್ಕೆ ಬಂದಿತ್ತು. ಉಳಿದಿದ್ದ ಕೆಲವೇ ನಾಯಿಗಳಿಂದ ಮತ್ತೆ ಬೆಳೆಸಿದರು. 2000ದಲ್ಲಿ ಅದನ್ನು ನುನಾವುಟ್‌ನ ಅಧಿಕೃತ ಪ್ರಾಣಿ ಮಾಡಿದರು. ನುನಾವಿಕ್‌ನಲ್ಲಿ 2001ರಿಂದ ಇವಾಕ್ಕಾಕ್ ಅನ್ನುವ ಜಾರುಬಂಡಿ ಓಟ ನಡೆಸುತ್ತಾರೆ. ಊರಿಂದ ಊರಿಗೆ ನೂರಾರು ಕಿಲೋಮೀಟರ್, ಇನೂಯಿಟ್ ತಳಿಯ ನಾಯಿಗಳೇ ಇರಬೇಕು.

ಕಾಫಿಗಿಡ:
ಸರಿ. ತಂಡದ ನಾಯಿಯನ್ನು ಗೌರವದಿಂದ ಇಟ್ಟುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಬೀದಿಯಲ್ಲಿ ಅಲೆಯುವ ಮಿಶ್ರತಳಿಯ ನಾಯಿ ಆ ಪೂರ್ವಜರ ನಾಯಿ ಅಲ್ಲವಲ್ಲ? ಶಾಲೆಗೆ ಹೋಗುವ ಮಗುವಿನ ಮುಖ ಕಚ್ಚಿದರೆ ಆ ತಾಯಿಗೆ 1960ರ ಇತಿಹಾಸ ಹೇಳಿ ಸಮಾಧಾನ ಮಾಡುತ್ತೀರಾ?

ಉತ್ತರದಿಕ್ಕು:
ಒಳ್ಳೆಯ ಪ್ರಶ್ನೆ. ಸಮಾಧಾನ ಮಾಡಲು ಆಗುವುದಿಲ್ಲ. ಅಲ್ಲಿನ ತಾಯಂದಿರೇ ಊರಿನ ಸಭೆಯಲ್ಲಿ ಈ ಮಾತು ಎತ್ತುತ್ತಾರೆ. ಇನೂಯಿಟ್ ಅಂದರೆ ಎಲ್ಲರೂ ನಾಯಿ ವಿಷಯದಲ್ಲಿ ಒಂದೇ ಮನಸ್ಸು ಅಂತ ತಿಳಿಯುವುದು ಬೇಡ. ಮನೆಯೊಳಗೆ ಪುಟಾಣಿ ನಾಯಿ ಸಾಕುವವರು, ತಂಡ ಇಟ್ಟವರು, ನಾಯಿ ಕಂಡರೆ ಹೆದರುವವರು, ಎಲ್ಲರೂ ಒಂದೇ ಬೀದಿಯಲ್ಲಿದ್ದಾರೆ. ಹಲವು ಊರುಗಳಲ್ಲಿ ನಾಯಿ ನಿಯಂತ್ರಣಕ್ಕೆ ಪುರಸಭೆಯೇ ಜನ ಇಟ್ಟಿದೆ. ಬಿಡುಬೀಸಾದ ನಾಯಿಗೆ ಗುಂಡು ಹೊಡೆಯುವುದು ಈಗಲೂ ಇದೆ. ಹೊಡೆಯುವುದು ಊರಿನವರೇ, ನಿಯಮವೂ ಊರಿನದೇ. ಆ ಕೆಲಸ ಮಾಡುವವನಿಗೆ ಅದು ಎಷ್ಟು ಭಾರ ಅಂತ ಯೋಚಿಸಿ. ಅವನ ಅಜ್ಜನ ನಾಯಿಗಳಿಗೂ ಹಾಗೇ ಆಗಿತ್ತು.

ದನದ_ಡಾಕ್ಟರು:
ಭಾವನೆ ಬದಿಗಿಟ್ಟು ಬರೀ ಲೆಕ್ಕ ನೋಡಿದರೂ ಕೊಲ್ಲುವುದು ದಡ್ಡತನ, ಕಾಫಿಗಿಡ ಅವರೇ. ಊರಲ್ಲಿ 100 ನಾಯಿ ಇವೆ ಅಂದುಕೊಳ್ಳಿ. ರೇಬೀಸ್ ಹರಡದಂತೆ ತಡೆಯಲು 70ಕ್ಕೆ ಲಸಿಕೆ ಆಗಿರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ನೀವು 70ಕ್ಕೆ ಹಾಕಿದಿರಿ. ಆಮೇಲೆ ಯಾರೋ ಬಂದು 30 ನಾಯಿ ಕೊಂದರು. ಕೈಗೆ ಸುಲಭವಾಗಿ ಸಿಗುವವು ಮನುಷ್ಯರ ಹತ್ತಿರ ಇರುವ, ಅಂದರೆ ಲಸಿಕೆ ಆದ ನಾಯಿಗಳೇ. 25 ಅಂಥವು ಹೋದರೆ ಉಳಿದ 70ರಲ್ಲಿ ಲಸಿಕೆ ಆದವು 45. ವರ್ಷದೊಳಗೆ ಆ ಜಾಗಕ್ಕೆ ಮರಿಗಳು ಬರುತ್ತವೆ, ಒಂದಕ್ಕೂ ಲಸಿಕೆ ಇಲ್ಲ. ಮತ್ತೆ 100 ನಾಯಿ, ಲಸಿಕೆ 45ಕ್ಕೆ. ಗುಂಡಿನ ಖರ್ಚು ಮಾಡಿ ಗೋಡೆ ಕೆಡವಿದ ಹಾಗಾಯಿತು.

ಕಚ್ಚುವ ಒಂದು ನಿರ್ದಿಷ್ಟ ನಾಯಿಯನ್ನು ತೆಗೆಯುವುದು ಬೇರೆ. ಅದಕ್ಕೆ ನನ್ನ ವಿರೋಧ ಇಲ್ಲ.

ಅಕ್ಕಿರೊಟ್ಟಿ:
ಆಪರೇಷನ್ ಮಾಡಿದರೆ ಮರಿ ಆಗಲ್ವಲ್ಲ?

ದನದ_ಡಾಕ್ಟರು:
ಮಾಡುತ್ತಾರೆ, ಪಶುವೈದ್ಯರ ತಂಡ ಹಾರಿ ಬಂದಾಗ. ಅರಿವಳಿಕೆ, ಉಪಕರಣ, ಆಮೇಲಿನ ಆರೈಕೆಗೆ ಬೆಚ್ಚಗಿನ ಜಾಗ ಎಲ್ಲ ಬೇಕು. ಹೊಟ್ಟೆಯ ತುಪ್ಪಳ ಬೋಳಿಸಿದ ಹೆಣ್ಣುನಾಯಿಯನ್ನು ಮೈನಸ್ 30ರಲ್ಲಿ ಹೊರಗೆ ಬಿಡಲು ಆಗುತ್ತದಾ? ತಂಡ ಕಟ್ಟುವವರಿಗೆ ಮರಿಗಳು ಬೇಕು, ಅವರು ಒಪ್ಪುವುದಿಲ್ಲ. ಎಲ್ಲರಿಗೂ ಒಂದೇ ನಿಯಮ ಅಲ್ಲಿ ನಡೆಯುವುದಿಲ್ಲ.

ಉತ್ತರದಿಕ್ಕು:
ನಡೆಯುತ್ತಿರುವುದು ಏನು ಅಂತ ಹೇಳಿಬಿಡುತ್ತೇನೆ. ಲಸಿಕೆ ಸರ್ಕಾರ ಕೊಡುತ್ತದೆ. ಚುಚ್ಚುವುದು ತರಬೇತಿ ಪಡೆದ ಊರಿನವರು. ಡಾಕ್ಟರು ಬರಲಿ ಅಂತ ಕಾಯಬೇಕಾಗಿಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿಭಾಗದವರು ನುನಾವಿಕ್ ಜನರಿಗೆ ಫೋನಿನಲ್ಲಿ ಸಲಹೆ ಕೊಡುವ ಸೇವೆ ನಡೆಸಿದ್ದಾರೆ. ನಾಯಿ ಕುಂಟುತ್ತಿದೆ, ವಾಂತಿ ಮಾಡುತ್ತಿದೆ, ಏನು ಮಾಡಲಿ ಅಂತ ಕೇಳಬಹುದು. ಅದೇ ವಿಭಾಗದ ಸಂಶೋಧಕರು ಕೂಜುವಾಕ್‌ನಲ್ಲಿ ಊರಿನವರ ಜೊತೆ ಕೂತು ಕಡಿತ, ನಾಯಿಯ ಆರೋಗ್ಯ, ಜನರ ಆರೋಗ್ಯ ಮೂರನ್ನೂ ಒಟ್ಟಿಗೆ ನೋಡುವ ಕೆಲಸ ಮಾಡುತ್ತಿದ್ದಾರೆ.

ನನ್ನ ಪ್ರಕಾರ ಊರಿನವನೇ ಸಿರಿಂಜ್ ಹಿಡಿಯುವುದು ಇದರಲ್ಲಿ ಮುಖ್ಯ. ಸಮವಸ್ತ್ರದವರು ಬಂದರೆ ನಾಯಿಯನ್ನು ಮನೆಯೊಳಗೆ ಬಚ್ಚಿಡುವ ಜನ, ಪಕ್ಕದ ಮನೆಯ ಹುಡುಗ ಬಂದರೆ ತಾವೇ ಹಿಡಿದುಕೊಡುತ್ತಾರೆ.

ಕಾಫಿಗಿಡ:
ಲಸಿಕೆ ಒಪ್ಪಿದೆ. ಕಡಿತ ಅದರಿಂದ ಕಡಿಮೆ ಆಗಲ್ಲ. ಆ ಭಾಗಕ್ಕೆ ಇನ್ನೂ ಉತ್ತರ ಬಂದಿಲ್ಲ.

ನರ್ಸಕ್ಕ:
ಪೂರ್ತಿ ಉತ್ತರ ಇಲ್ಲ. ಮಕ್ಕಳಿಗೆ ಕಡಿತ ಜಾಸ್ತಿ ಆಗುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಎತ್ತರ ಕಡಿಮೆ, ಹಾಗಾಗಿ ಗಾಯ ಮುಖ, ಕತ್ತಿಗೆ. ಶಾಲೆಗಳಲ್ಲಿ ಹೇಳಿಕೊಡುತ್ತಾರೆ: ಸರಪಳಿಯ ಸುತ್ತಿನೊಳಗೆ ಹೋಗಬೇಡ, ತಿನ್ನುವ ನಾಯಿಯ ಹತ್ತಿರ ಹೋಗಬೇಡ, ನಾಯಿ ಬಂದರೆ ಓಡಬೇಡ, ಅಲುಗದೆ ನಿಲ್ಲು. ಬೇಲಿ ಹಾಕಲು ಮರ ಬೇಕು. ಅಲ್ಲಿ ಹೆಚ್ಚಿನ ಊರುಗಳಲ್ಲಿ ಮರವೇ ಬೆಳೆಯುವುದಿಲ್ಲ, ಹಡಗಿನಲ್ಲಿ ಬರಬೇಕು. ಹಣ ಎಲ್ಲಿ ಹಾಕಬೇಕು ಅಂತ ನನ್ನನ್ನು ಕೇಳಿದರೆ ಬೇಲಿಗೆ ಅನ್ನುತ್ತೇನೆ.

ವಲಸೆಹಕ್ಕಿ (ಟೊರೊಂಟೊ):
ಮಧ್ಯೆ ಬಂದೆ, ಕ್ಷಮಿಸಿ. ಇಲ್ಲಿ ಒಂದು ಸಂಸ್ಥೆ ಉತ್ತರದ ಊರುಗಳಿಂದ ನಾಯಿಮರಿಗಳನ್ನು ತಂದು ದತ್ತು ಕೊಡುತ್ತದೆ. ಮಗಳು ಹಠ ಹಿಡಿದಿದ್ದಾಳೆ. ತರಬಹುದಾ?

ದನದ_ಡಾಕ್ಟರು:
ತರಬಹುದು, ಆದರೆ ಕಾಗದ ಕೇಳಿ. ನುನಾವುಟ್‌ನಿಂದ ದಕ್ಷಿಣಕ್ಕೆ ತಂದ ಮರಿಗಳಲ್ಲಿ ರೇಬೀಸ್ ಪತ್ತೆಯಾದ ಪ್ರಕರಣಗಳು ಇವೆ. ಮೂರು ತಿಂಗಳಿಗಿಂತ ಚಿಕ್ಕ ಮರಿಗೆ ಸಾಮಾನ್ಯವಾಗಿ ಲಸಿಕೆ ಹಾಕುವುದಿಲ್ಲ. ಮೊದಲೇ ನರಿ ಕಚ್ಚಿದ್ದರೆ ಆಮೇಲೆ ಹಾಕಿದ ಲಸಿಕೆಯನ್ನು ನಂಬಲು ಆಗುವುದಿಲ್ಲ, ರೋಗ ತಿಂಗಳುಗಟ್ಟಲೆ ಒಳಗೇ ಇರಬಹುದು. ಆರು ತಿಂಗಳು ಕಣ್ಣಿಟ್ಟಿರಿ. ಗುಣ ಬದಲಾದರೆ, ನುಂಗಲು ಕಷ್ಟಪಟ್ಟರೆ ತಕ್ಷಣ ಪಶುವೈದ್ಯರಿಗೆ ತೋರಿಸಿ.

ಇನ್ನೊಂದು, ಹುಳದ ಔಷಧಿ. ಕ್ಯಾರಿಬೂ (ಅಲ್ಲಿನ ಒಂದು ಜಿಂಕೆ) ಶ್ವಾಸಕೋಶ ಹಸಿಯಾಗಿ ತಿಂದ ನಾಯಿಯಲ್ಲಿ ಎಕಿನೊಕಾಕಸ್ ಅನ್ನುವ ಪುಟ್ಟ ಲಾಡಿಹುಳ ಇರಬಹುದು. ಅದರ ಮೊಟ್ಟೆ ಮನುಷ್ಯನ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ, ಶ್ವಾಸಕೋಶದಲ್ಲಿ ನೀರುಗಡ್ಡೆ ಆಗುತ್ತದೆ. ಸಾಮಾನ್ಯ ಹುಳದ ಮಾತ್ರೆ ಸಾಲದು, ಪ್ರಾಜಿಕ್ವಾಂಟೆಲ್ ಇರಬೇಕು. ಅಲ್ಲಿಯವರೆಗೆ ಮಗಳು ಮರಿ ಮುಟ್ಟಿದಾಗಲೆಲ್ಲ ಕೈ ತೊಳೆಯಲಿ.

ವಲಸೆಹಕ್ಕಿ:
ಧನ್ಯವಾದ ಡಾಕ್ಟ್ರೇ. ಇನ್ನೊಂದು ಕೇಳಲೇ, ನಮ್ಮದು ಎಂಟನೇ ಮಹಡಿಯ ಫ್ಲಾಟ್.

ನರ್ಸಕ್ಕ:
ಹಾಗಾದರೆ ಜಾರುಬಂಡಿ ತಳಿ ಬೇಡ ಮೇಡಂ. ಬೇರೆ ಮರಿ ನೋಡಿ.